ಬೋಟಿನ ಸ್ಟೀರಿಂಗ್ ಕೇಬಲ್ ನಾನೇ ಬದಲಿಸಬಹುದಾ?

ನೀವು ಕೇಳಿರುವುದು ಇಷ್ಟು. ಮಿಶಿಗನ್‌ನಲ್ಲಿ 17 ಅಡಿಯ ಸೆಕೆಂಡ್ ಹ್ಯಾಂಡ್ ಫೈಬರ್ ಬೋಟ್ ತಗೊಂಡಿದ್ದೀರಿ. ಹಿಂದೆ 90 ಎಚ್‌ಪಿ ಔಟ್‌ಬೋರ್ಡ್ ಎಂಜಿನ್. ಹೋದ ವರ್ಷವೇ ಸ್ಟೀರಿಂಗ್ ಸ್ವಲ್ಪ ಬಿಗಿಯಾಗಿತ್ತು, ಚಳಿಗಾಲ ಕಳೆದು ಈಗ ನೋಡಿದರೆ ಚಕ್ರ ಅಲ್ಲಾಡುತ್ತಲೇ ಇಲ್ಲ. ಕೇಬಲ್ ಹೋಗಿದೆ ಅಂತ ಒಬ್ಬರು ಹೇಳಿದ್ದಾರೆ. ನೀವೇ ಬದಲಿಸಬಹುದಾ, ಯಾವ ಕೇಬಲ್ ತರಬೇಕು, ಚಕ್ರದ ಹಿಂದಿರುವ ಗೇರ್ ಕೂಡ ಬದಲಿಸಬೇಕಾ?

ನೀವೇ ಬದಲಿಸಬಹುದು. ನನ್ನ ಬೋಟಿನಲ್ಲೂ ನನ್ನ ಪಕ್ಕದವರ ಬೋಟಿನಲ್ಲೂ ನಾನು ಈ ಕೆಲಸ ಮಾಡಿದ್ದೇನೆ. ಹೊಸದನ್ನು ಹಾಕುವುದು ಸುಲಭ. ಹಳೆಯದನ್ನು ಹೊರಗೆ ತೆಗೆಯುವುದೇ ನಿಜವಾದ ಕೆಲಸ. ಆದರೆ ಈಗಲೇ ಏನನ್ನೂ ಆರ್ಡರ್ ಮಾಡಬೇಡಿ. ಸಿಕ್ಕಿಹಾಕಿಕೊಂಡಿರುವುದು ಕೇಬಲ್ಲೇನಾ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಅಲ್ಲಿಯವರೆಗೆ ಚಕ್ರವನ್ನು ಬಲ ಹಾಕಿ ತಿರುಗಿಸಲೂ ಬೇಡಿ. ಹಾಗೆ ಮಾಡಿದರೆ ಚೆನ್ನಾಗಿರುವ ಗೇರ್ ಹಲ್ಲುಗಳೂ ಮುರಿಯುತ್ತವೆ.

ಪರೀಕ್ಷೆ ಹೀಗೆ. ಎಂಜಿನ್ನಿನ ಮುಂದೆ, ಕೇಬಲ್ಲಿನ ತುದಿಯ ಸ್ಟೀಲ್ ಸರಳನ್ನೂ ಎಂಜಿನ್ನನ್ನೂ ಜೋಡಿಸುವ ಬಾಗಿದ ಚಿಕ್ಕ ರಾಡ್ ಇದೆ ನೋಡಿ, ಅದನ್ನು ಲಿಂಕ್ ರಾಡ್ ಅಂತಾರೆ. ಅದನ್ನು ಬಿಚ್ಚಿ. ಈಗ ಎಂಜಿನ್ನನ್ನು ಕೈಯಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ತಿರುಗಿಸಿ. ಆರಾಮಾಗಿ ತಿರುಗಿದರೆ ಎಂಜಿನ್ ಸರಿಯಾಗಿದೆ, ತೊಂದರೆ ಕೇಬಲ್ ಕಡೆ ಇದೆ. ಎಂಜಿನ್ನೇ ತಿರುಗದಿದ್ದರೆ ಅದು ಕೂತಿರುವ ಬ್ರಾಕೆಟ್ಟಿನ ಒಳಗೆ ಗ್ರೀಸು ಒಣಗಿದೆ. ಅಲ್ಲಿರುವ, ಗ್ರೀಸು ತುಂಬುವ ಚಿಕ್ಕ ಮೂತಿಗಳಾದ ಗ್ರೀಸ್ ನಿಪ್ಪಲ್‌ಗಳಿಗೆ ಗ್ರೀಸ್ ಗನ್ ಇಟ್ಟು, ಹಳೆಯ ಕಪ್ಪು ಗ್ರೀಸು ಹೊರಬಂದು ಹೊಸದು ಕಾಣುವವರೆಗೆ ತುಂಬುತ್ತಾ, ಎಂಜಿನ್ನನ್ನು ಅತ್ತಿತ್ತ ಆಡಿಸುತ್ತಿರಿ. ಆಗ ಕೇಬಲ್ಲಿಗೆ ದುಡ್ಡು ಖರ್ಚು ಮಾಡುವ ಅಗತ್ಯವೇ ಬರಲಿಕ್ಕಿಲ್ಲ.

ಎಂಜಿನ್ ಸಲೀಸಾಗಿ ತಿರುಗಿಯೂ ಚಕ್ರ ಬಿಗಿಯಾಗೇ ಇದೆ ಅಂತಾದರೆ, ಮುಂದಿನ ಹೆಜ್ಜೆ ಡ್ಯಾಶ್‌ಬೋರ್ಡಿನ ಕೆಳಗೆ. ಚಕ್ರದ ಹಿಂದಿನ ಗೇರ್ ಪೆಟ್ಟಿಗೆಗೆ ಹೆಲ್ಮ್ ಅಂತಾರೆ. ಅಲ್ಲಿಂದ ಕೇಬಲ್ ಬಿಡಿಸಿ ಚಕ್ರ ತಿರುಗಿಸಿ. ಸಲೀಸಾಗಿ ತಿರುಗಿದರೆ ಹೆಲ್ಮ್ ಚೆನ್ನಾಗಿದೆ. ಕರಕರ ಅಂದರೆ, ಇಲ್ಲವೇ ಚಕ್ರ ಸುಮಾರು ದೂರ ಸುಮ್ನೆ ಓಡಾಡಿ ಆಮೇಲೆ ಹಿಡಿದರೆ, ಹೆಲ್ಮ್ ಸವೆದಿದೆ. ನಿಮ್ಮ ಬೋಟಿನ ವಯಸ್ಸಿಗೆ ಕೇಬಲ್ ಮತ್ತು ಹೆಲ್ಮ್ ಎರಡೂ ಇರುವ ಕಿಟ್ ತರುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಆದರೆ ಹೆಲ್ಮ್ ನಯವಾಗಿ ತಿರುಗುತ್ತಿದ್ದರೆ ಕೇಬಲ್ ಒಂದೇ ಸಾಕು.

ಇದು ಯಾಕೆ ಹೀಗಾಗುತ್ತದೆ ಅಂತ ಗೊತ್ತಿದ್ದರೆ ಮುಂದಿನ ಕೆಲಸ ಅರ್ಥವಾಗುತ್ತದೆ. ಸೈಕಲ್ಲಿನ ಬ್ರೇಕ್ ವೈರಿನ ಹಾಗೆ ಇಲ್ಲೂ ಹೊರಗೆ ಒಂದು ಹೊದಿಕೆ, ಒಳಗೆ ಓಡಾಡುವ ಒಂದು ತಂತಿ. ಆದರೆ ಬ್ರೇಕ್ ವೈರು ಎಳೆಯುತ್ತದೆ ಅಷ್ಟೇ, ಇದು ಎಳೆಯುವುದರ ಜೊತೆಗೆ ತಳ್ಳಲೂ ಬೇಕು. ಅದಕ್ಕೇ ಇದು ದಪ್ಪ, ಗಡುಸು. ಎಂಜಿನ್ ಕಡೆಯ ತುದಿಯಲ್ಲಿ ಇದಕ್ಕೆ ಒಂದು ಉದ್ದನೆಯ ನೆಟ್ಟಗಿನ ಸ್ಟೀಲ್ ಸರಳು ಇರುತ್ತದೆ. ಆ ಸರಳು ಎಂಜಿನ್ನಿನ ಟಿಲ್ಟ್ ಟ್ಯೂಬ್ ಎಂಬ ನಳಿಗೆಯೊಳಗೆ ಹಾದು ಇನ್ನೊಂದು ಬದಿಯಲ್ಲಿ ಹೊರಬರುತ್ತದೆ. ಎಂಜಿನ್ನನ್ನು ಮೇಲಕ್ಕೆ ಎತ್ತುವಾಗ ಅದು ತಿರುಗುವುದೂ ಇದೇ ಟ್ಯೂಬಿನ ಮೇಲೆ. ಸರಳಿಗೂ ಟ್ಯೂಬಿಗೂ ನಡುವೆ ಇರುವ ಜಾಗ ತೀರಾ ಕಡಿಮೆ. ಅಲ್ಲಿ ಹಳೆಯ ಗ್ರೀಸು ಮೇಣದಂತೆ ಗಟ್ಟಿಯಾಗುತ್ತದೆ, ನೀರು ಸೇರಿ ತುಕ್ಕು ಹಿಡಿಯುತ್ತದೆ. ಕೇಬಲ್ಲಿನ ಹೊದಿಕೆ ಎಲ್ಲಾದರೂ ಸೀಳಿದ್ದರೆ ಒಳಗೂ ನೀರು ಹೋಗುತ್ತದೆ. ನಮ್ಮ ಮಿಶಿಗನ್ ಚಳಿಯಲ್ಲಿ ಆ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ. ಹಾಗಾಗಿ ಶರತ್ಕಾಲದಲ್ಲಿ ಸ್ವಲ್ಪ ಬಿಗಿಯಿದ್ದದ್ದು ವಸಂತಕ್ಕೆ ಪೂರ್ತಿ ಜಾಮ್.

ತೊಂದರೆ ಬರೀ ಟ್ಯೂಬಿನೊಳಗಿನ ಒಣ ಗ್ರೀಸಿನದ್ದಾಗಿದ್ದರೆ, ಸರಳನ್ನು ಹೊರಗೆಳೆದು ತೊಳೆದು ಮತ್ತೆ ಹಾಕಬಹುದು. ಸರಳು ಹೊರಗಿದ್ದಾಗ ಚಕ್ರ ಹಗುರಾಗಿ ತಿರುಗಿ, ಹೊದಿಕೆಯೂ ನೀಟಾಗಿದ್ದರೆ ಕೇಬಲ್ ಉಳಿಯುತ್ತದೆ. ಆದರೆ ಹೊದಿಕೆ ಉಬ್ಬಿದ್ದರೆ, ಸೀಳಿದ್ದರೆ, ಸರಳಿನ ಬುಡದಲ್ಲಿ ಕಂದು ತುಕ್ಕಿನ ನೀರು ಇಳಿದಿದ್ದರೆ, ಅದನ್ನು ಎಸೆಯಿರಿ. ಅಂಥ ಕೇಬಲ್ಲಿನೊಳಗೆ ಎಣ್ಣೆ ಬಿಟ್ಟು ಸಡಿಲ ಮಾಡುವ ವಿಡಿಯೊಗಳು ಬಹಳ ಇವೆ. ದಯವಿಟ್ಟು ಅದನ್ನು ಮಾಡಬೇಡಿ. ಎಣ್ಣೆಯಿಂದ ಕೆಲ ದಿನ ಓಡಬಹುದು, ಆದರೆ ಒಳಗೆ ತುಕ್ಕು ತಿಂದ ತಂತಿ ಗಟ್ಟಿಯಾಗುವುದಿಲ್ಲ. ಮೂವತ್ತು ಮೈಲಿ ವೇಗದಲ್ಲಿ ಅದು ತುಂಡಾದರೆ ಎಂಜಿನ್ ಒಂದು ಬದಿಗೆ ಥಟ್ಟನೆ ತಿರುಗುತ್ತದೆ. ಬೋಟ್ ಗಿರಕಿ ಹೊಡೆಯುತ್ತದೆ, ಒಳಗಿದ್ದವರು ನೀರಿಗೆ ಬೀಳುತ್ತಾರೆ. ಚಾಲಕನೇ ಬಿದ್ದರೆ ಬೋಟ್ ಸುತ್ತು ಹಾಕಿಕೊಂಡು ಅವನ ಮೇಲೇ ಬರಬಹುದು. ಮಕ್ಕಳನ್ನು ಕೂರಿಸಿಕೊಂಡು ಹೋಗುವ ಬೋಟು ಅಲ್ವಾ ಇದು.

ಈಗ ಅಳತೆ. ಹಳೆಯ ಕೇಬಲ್ಲಿನ ಹೊದಿಕೆಯ ಮೇಲೆ, ಸಾಮಾನ್ಯವಾಗಿ ಹೆಲ್ಮ್ ಹತ್ತಿರ, ಒಂದು ನಂಬರ್ ಅಚ್ಚಾಗಿರುತ್ತದೆ. ಉದಾಹರಣೆಗೆ ಎಸ್‌ಎಸ್‌ಸಿ 6216 ಅಂತಿದ್ದರೆ ಕೊನೆಯ ಎರಡು ಅಂಕಿ ಉದ್ದ, ಅಂದರೆ 16 ಅಡಿ. ಮೊದಲಿನ ಭಾಗ ಅದು ಯಾವ ಜಾತಿಯ ಹೆಲ್ಮ್‌ಗೆ ಹೊಂದುತ್ತದೆ ಅಂತ ಹೇಳುತ್ತದೆ. ಕೇಬಲ್ ಮೇಲೆ ಟೆಲಿಫ್ಲೆಕ್ಸ್ ಅಂತಿದ್ದು ಅಂಗಡಿಯಲ್ಲಿ ಆ ಹೆಸರು ಸಿಗದಿದ್ದರೆ ಗಾಬರಿ ಬೇಡ. ಅವರ ಬೋಟ್ ಸ್ಟೀರಿಂಗ್ ವಿಭಾಗವೇ ಆಮೇಲೆ ಸೀಸ್ಟಾರ್ ಆಯಿತು, 2017ರಲ್ಲಿ ಡೊಮೆಟಿಕ್ ಅದನ್ನು ಕೊಂಡಿತು. ಯುಫ್ಲೆಕ್ಸ್‌ನವರೂ ಹೊಂದುವ ಕೇಬಲ್ ಮಾಡುತ್ತಾರೆ.

ನಂಬರ್ ಅಳಿಸಿಹೋಗಿದ್ದರೆ ಟೇಪ್ ಹಿಡಿದು ಪ್ಲಾಸ್ಟಿಕ್ ಹೊದಿಕೆಯ ಉದ್ದ ಮಾತ್ರ ಅಳೆಯಿರಿ, ತುದಿಯ ಲೋಹದ ಭಾಗ ಸೇರಿಸಬೇಡಿ. ನಿಮ್ಮದು ರೋಟರಿ ಹೆಲ್ಮ್ ಆಗಿದ್ದರೆ, ಅಂದರೆ ಚಕ್ರದ ಹಿಂದೆ ದುಂಡಗಿನ ಡಬ್ಬಿ ಇದ್ದರೆ, ಅದಕ್ಕೆ 18 ಇಂಚು ಕೂಡಿಸಿ. ಬಂದದ್ದನ್ನು 12ರಿಂದ ಭಾಗಿಸಿ ಮುಂದಿನ ಪೂರ್ತಿ ಅಡಿಗೆ ಏರಿಸಿ. ಹೊದಿಕೆ 170 ಇಂಚು ಇದ್ದರೆ 188 ಆಯಿತು, ಅಂದರೆ ಹದಿನೈದೂವರೆ ಅಡಿಗಿಂತ ತುಸು ಜಾಸ್ತಿ. 16 ಅಡಿಯದ್ದು ತನ್ನಿ. ಡಬ್ಬಿಯ ಬದಲು ಅಡ್ಡಡ್ಡಕ್ಕೆ ಉದ್ದನೆಯ ಪಟ್ಟಿಯಂಥ ಪೆಟ್ಟಿಗೆ ಇದ್ದರೆ ಅದು ರ್‍ಯಾಕ್ ಹೆಲ್ಮ್. ಅದಕ್ಕೆ 30 ಇಂಚು ಕೂಡಿಸಬೇಕು, ಮತ್ತು ಅದರಲ್ಲಿ ಕೇಬಲ್ಲಿನ ಜೊತೆಗೇ ರ್‍ಯಾಕ್ ಕೂಡ ಬರುತ್ತದೆ. ಉದ್ದ ಕಡಿಮೆಯಾದರೆ ಕೇಬಲ್ ಬಿಗಿಯಾಗಿ ಬಾಗುತ್ತದೆ. ತೀರಾ ಜಾಸ್ತಿಯಾದರೆ ಹಿಂದೆ ದೊಡ್ಡ ಸುರುಳಿ ಉಳಿದು ಎಂಜಿನ್ ಎತ್ತುವಾಗ ಸಿಕ್ಕಿಕೊಳ್ಳುತ್ತದೆ.

ಹಳೆಯದನ್ನು ತೆಗೆಯುವ ಮೊದಲು ಎಂಜಿನ್ ಪಕ್ಕ ನಿಂತು ಒಮ್ಮೆ ನೋಡಿ. ಸರಳು ನೇರವಾಗಿ ಹೊರಬರಲು ಜಾಗ ಇದೆಯಾ? ಅದು ಬಾಗುವುದಿಲ್ಲ. ಕೆಲವು ಬೋಟುಗಳಲ್ಲಿ ಹಿಂಬದಿಯ ಗೋಡೆ ಅಡ್ಡ ಬಂದು, ಎಂಜಿನ್ನಿನ ಬೋಲ್ಟು ಸಡಿಲಿಸಿ ಅದನ್ನೇ ಸ್ವಲ್ಪ ಎತ್ತಬೇಕಾಗುತ್ತದೆ. ನಿಮ್ಮದು ಹಾಗಿದ್ದರೆ ಎಂಜಿನ್ ಎತ್ತುವ ಸಾಧನ ಇರುವ ವರ್ಕ್‌ಶಾಪಿಗೆ ಕೊಡಿ. 90 ಎಚ್‌ಪಿ ಎಂಜಿನ್ ನೂರು ಕಿಲೋ ಮೀರುತ್ತದೆ, ಮನೆಯಂಗಳದಲ್ಲಿ ಆಡುವ ಆಟವಲ್ಲ.

ಜಾಗ ಇದೆ ಅಂತಾದರೆ ಟಿಲ್ಟ್ ಟ್ಯೂಬಿನ ಬಾಯಲ್ಲಿರುವ ದೊಡ್ಡ ನಟ್ಟನ್ನು ಸ್ಪ್ಯಾನರ್‌ನಿಂದ ಬಿಚ್ಚಿ. ಪುಣ್ಯವಿದ್ದರೆ ಸರಳು ಕೈಯಲ್ಲೇ ಬರುತ್ತದೆ. ಬರದಿದ್ದರೆ ಟ್ಯೂಬಿನ ಎರಡೂ ಬಾಯಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಹಾಗೇ ಬಿಡಿ. ಮಾರನೆಯ ದಿನ, ಸರಳಿನ ತುದಿಗೆ ಮರದ ತುಂಡು ಕೊಟ್ಟು ಸುತ್ತಿಗೆಯಿಂದ ಹೊಡೆಯಿರಿ. ಸಣ್ಣ ಸಣ್ಣ ಏಟು, ಎಡೆಬಿಡದೆ. ಒಂದು ಕೂದಲೆಳೆ ಅಲ್ಲಾಡಿದರೂ ಗೆದ್ದಂತೆ. ಮತ್ತೆ ಎಣ್ಣೆ, ಮತ್ತೆ ಏಟು. ಸರಳು ಟ್ಯೂಬಿನೊಳಗೆ ಮುಳುಗಿದ ಮೇಲೆ ಅದಕ್ಕಿಂತ ಸ್ವಲ್ಪ ಸಣಕಲಾದ ಕಬ್ಬಿಣದ ರಾಡ್ ಇಟ್ಟು ಹೊಡೆಯಬೇಕು. ಟ್ಯೂಬಿನ ಬಾಯಿಯ ಮರೆಗಳ (ನಟ್ಟು ತಿರುಗಿ ಕೂರುವ ಸುರುಳಿ ಗೆರೆಗಳ) ಮೇಲೆ ಮಾತ್ರ ಏಟು ಬೀಳಬಾರದು. ಮರೆ ಹಾಳಾದರೆ ಹೊಸ ಕೇಬಲ್ಲಿನ ನಟ್ಟು ಕೂರುವುದಿಲ್ಲ, ಟ್ಯೂಬನ್ನೇ ಬದಲಿಸಬೇಕು. ಬಿಸಿ ಮಾಡಬೇಕೆನಿಸಿದರೆ ಹೀಟ್ ಗನ್ ಬಳಸಿ. ಪೆಟ್ರೋಲ್ ಪೈಪುಗಳ ಪಕ್ಕದಲ್ಲಿ, ಅದೂ ತುಕ್ಕಿನ ಎಣ್ಣೆ ಬಿಟ್ಟ ಜಾಗದಲ್ಲಿ ಬೆಂಕಿಯ ಉರಿ ಖಂಡಿತ ಬೇಡ.

ಸರಳು ಬಂದ ಮೇಲೆ ಟ್ಯೂಬಿನ ಒಳಗನ್ನು ಚೆನ್ನಾಗಿ ಉಜ್ಜಿ. ಬಂದೂಕಿನ ನಳಿಗೆ ತೊಳೆಯುವ ಬ್ರಶ್, 20 ಗೇಜಿನದ್ದು, ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಟ್ಯೂಬಿನ ಒಳಅಳತೆ ಸಾಮಾನ್ಯವಾಗಿ ಒಂದು ಇಂಚಿನ ಎಂಟನೇ ಐದು ಭಾಗ, ಬ್ರಶ್ ಅಲ್ಲಿ ಬಿಗಿಯಾಗಿ ಕೂರುತ್ತದೆ. ಆಮೇಲೆ ಬಟ್ಟೆ ತೂರಿಸಿ ಎಳೆಯಿರಿ. ಬಟ್ಟೆ ಬಿಳಿಯಾಗಿ ಬರುವವರೆಗೆ ಇದನ್ನು ಬಿಡಬೇಡಿ. ಈ ಕೆಲಸವನ್ನು ಅರ್ಧಕ್ಕೆ ಬಿಟ್ಟವರ ಹೊಸ ಕೇಬಲ್ ಕೂಡ ಬೇಗ ಬಿಗಿಯಾಗುತ್ತದೆ.

ಬೋಟಿನ ಒಳಗಿಂದ ಹಳೆಯ ಕೇಬಲ್ ಎಳೆಯುವ ಮೊದಲು ಅದರ ತುದಿಗೆ ಗಟ್ಟಿ ಹಗ್ಗ ಕಟ್ಟಿ, ಮೇಲೆ ಟೇಪ್ ಸುತ್ತಿ. ಕೇಬಲ್ ಹೊರಬಂದಾಗ ಅದರ ದಾರಿಯಲ್ಲಿ ಹಗ್ಗ ಉಳಿದಿರುತ್ತದೆ, ಅದೇ ಹಗ್ಗ ಹೊಸದನ್ನು ಒಳಗೆ ಎಳೆದುಕೊಡುತ್ತದೆ. ತಿರುವುಗಳು ಕಡಿಮೆಯಿದ್ದಷ್ಟೂ ಸ್ಟೀರಿಂಗ್ ಹಗುರ. ಯಾವ ತಿರುವೂ 8 ಇಂಚು ತ್ರಿಜ್ಯಕ್ಕಿಂತ ಕಿರಿದಾಗಿರಬಾರದು.

ಹೊಸ ಸರಳಿಗೆ ಮೆರೈನ್ ಗ್ರೀಸು ಧಾರಾಳವಾಗಿ ಬಳಿದು ಟ್ಯೂಬಿಗೆ ತೂರಿಸಿ, ನಟ್ಟನ್ನು ಎಂಜಿನ್ ಕೈಪಿಡಿ ಹೇಳಿದಷ್ಟೇ ಬಿಗಿಗೊಳಿಸಿ. ರೋಟರಿ ಹೆಲ್ಮ್‌ನಲ್ಲಿ ಇನ್ನೊಂದು ತುದಿಯನ್ನು ಕಿಂಡಿಗೆ ಕೊಟ್ಟು ಚಕ್ರ ತಿರುಗಿಸಿದರೆ ಗೇರ್ ತಾನಾಗಿ ಕೇಬಲ್ಲನ್ನು ಒಳಗೆ ಎಳೆದುಕೊಳ್ಳುತ್ತದೆ. ಲಾಕ್ ಪಿನ್ ಕೂತ ಮೇಲೆ ಒಮ್ಮೆ ಜಗ್ಗಿ ನೋಡಿ. ಲಿಂಕ್ ರಾಡಿಗೆ ಮಾತ್ರ ಹಳೆಯ ನಟ್ಟು ಮತ್ತೆ ಹಾಕಬೇಡಿ. ಅವು ಒಳಗೆ ನೈಲಾನ್ ಇರುವ ಲಾಕ್ ನಟ್ಟುಗಳು, ಒಮ್ಮೆ ಬಿಚ್ಚಿದರೆ ಹಿಡಿತ ಕಡಿಮೆಯಾಗುತ್ತದೆ. ಒಂದೆರಡು ಡಾಲರಿನ ವಸ್ತು. ಇಡೀ ಬೋಟಿನ ದಿಕ್ಕು ಆ ಒಂದು ನಟ್ಟಿನ ಮೇಲೆ ನಿಂತಿರುತ್ತದೆ.

ನೀರಿಗೆ ಇಳಿಸುವ ಮುಂಚೆ ಟ್ರೇಲರ್ ಮೇಲೇ ಪರೀಕ್ಷಿಸಿ. ಚಕ್ರವನ್ನು ಬಲಕ್ಕೆ ತಿರುಗಿಸಿದರೆ ಪ್ರೊಪೆಲ್ಲರ್ ಕೂಡ ಬಲಕ್ಕೆ ಹೊರಳಬೇಕು. ಎರಡೂ ಕಡೆ ಎಂಜಿನ್ ಪೂರ್ತಿ ಹೋಗಬೇಕು. ಎಡ ತುದಿಗೆ ತಿರುಗಿಸಿ ಎಂಜಿನ್ನನ್ನು ಪೂರ್ತಿ ಮೇಲೆತ್ತಿ ಇಳಿಸಿ, ಬಲ ತುದಿಯಲ್ಲೂ ಹಾಗೇ ಮಾಡಿ. ಕೇಬಲ್ ಎಲ್ಲೂ ಎಳೆಯಬಾರದು, ಬ್ಯಾಟರಿ ವೈರಿಗೋ ಪೆಟ್ರೋಲ್ ಪೈಪಿಗೋ ಉಜ್ಜಬಾರದು. ಮೊದಲ ಓಟ ನಿಧಾನವಾಗಿರಲಿ, ಚಾಲಕ ಬಿದ್ದರೆ ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ಹಗ್ಗ ನಿಮ್ಮ ಮೈಗೆ ಸಿಕ್ಕಿಸಿರಲಿ. 26 ಅಡಿಗಿಂತ ಚಿಕ್ಕ ಬೋಟುಗಳು ವೇಗವಾಗಿ ಓಡುವಾಗ ಅದನ್ನು ಬಳಸಲೇಬೇಕು ಅಂತ ಅಮೆರಿಕದಲ್ಲಿ 2021ರ ಏಪ್ರಿಲ್‌ನಿಂದ ಫೆಡರಲ್ ಕಾನೂನೇ ಇದೆ.

ಸ್ಟೀರಿಂಗ್ ಹಗುರಾದ ಮೇಲೆ ಬೋಟ್ ಒಂದು ಬದಿಗೆ ಎಳೆಯುವುದು ಎದ್ದು ಕಾಣಬಹುದು. ಅದು ಪ್ರೊಪೆಲ್ಲರ್ ತಿರುಗುವುದರಿಂದ ಬರುವ ಸೆಳೆತ, ಕೇಬಲ್ಲಿನ ದೋಷವಲ್ಲ. ಪ್ರೊಪೆಲ್ಲರಿನ ಮೇಲ್ಗಡೆ ಚಿಕ್ಕ ರೆಕ್ಕೆಯಂಥ ಟ್ಯಾಬ್ ಇದ್ದರೆ ಅದನ್ನು ಸಡಿಲಿಸಿ ತುಸು ಹೊರಳಿಸಿ ಸರಿ ಮಾಡಬಹುದು. ಕಿಟ್ ಕೊಳ್ಳುವುದೇ ಆದರೆ ನೋ ಫೀಡ್‌ಬ್ಯಾಕ್ ಹೆಲ್ಮ್ ತನ್ನಿ. ಆ ಸೆಳೆತ ಚಕ್ರದವರೆಗೆ ಬರದಂತೆ ಅದು ತಡೆಯುತ್ತದೆ, 90 ಎಚ್‌ಪಿಗೆ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಕೇಬಲ್ ಬದಲು ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಸ್ಟೀರಿಂಗ್ ಇನ್ನೂ ಹಗುರ, ಆದರೆ ಬೆಲೆ ಹಲವು ಪಟ್ಟು. ನಿಮ್ಮ ಬೋಟಿಗೆ ಅದು ಬೇಕಿಲ್ಲ ಅನಿಸುತ್ತದೆ.

ಇನ್ನು ಮುಂದೆ ಟಿಲ್ಟ್ ಟ್ಯೂಬಿನ ನಿಪ್ಪಲ್‌ಗೆ ಗ್ರೀಸು ಹೊಡೆಯುವಾಗ ಚಕ್ರವನ್ನು ತಿರುಗಿಸಿ ಸರಳು ಪೂರ್ತಿ ಟ್ಯೂಬಿನೊಳಗೆ ಇರುವಂತೆ ಮಾಡಿಕೊಳ್ಳಿ. ಸರಳು ಹೊರಗಿರುವಾಗ ಗ್ರೀಸು ತುಂಬಿದರೆ ಅದು ಒಳಗೆ ಬಿರಡೆಯಾಗಿ ಕೂತು, ಸರಳು ವಾಪಸ್ ಬರಲು ಜಾಗವೇ ಇಲ್ಲದಂತೆ ಮಾಡುತ್ತದೆ. ಸ್ಟೀರಿಂಗ್ ಅಲ್ಲೇ ಲಾಕ್ ಆಗಬಹುದು. ಈ ಎಚ್ಚರಿಕೆ ಎಂಜಿನ್ ಕೈಪಿಡಿಗಳಲ್ಲೇ ಇರುತ್ತದೆ, ಓದುವವರು ಕಡಿಮೆ. ಚಳಿಗಾಲದಲ್ಲಿ ಶೆಡ್ಡಿಗೆ ಹೋದಾಗೆಲ್ಲ ಚಕ್ರವನ್ನು ಒಮ್ಮೆ ಅತ್ತಿತ್ತ ತಿರುಗಿಸಿ. ಮಲ್ಪೆ, ಕಾರವಾರದ ಕಡೆ ಔಟ್‌ಬೋರ್ಡ್ ಇಟ್ಟುಕೊಂಡವರು ಇದನ್ನು ಓದುತ್ತಿದ್ದರೆ, ನಿಮಗೆ ಹಿಮದ ಕಾಟ ಇಲ್ಲ, ಉಪ್ಪಿನ ಕಾಟ ಇದೆ. ಬಂದ ಕೂಡಲೇ ಸರಳಿಗೆ ಸಿಹಿನೀರು ಸುರಿದು, ಒರೆಸಿ, ಗ್ರೀಸು ಸವರಿ.

ಲಿಂಕ್ ರಾಡ್ ಬಿಚ್ಚಿ ನೋಡಿದ ಮೇಲೆ ಏನು ಕಂಡಿತು ಅಂತ ಬರೆಯಿರಿ. ಕೇಬಲ್ ಮೇಲಿನ ನಂಬರು ಮತ್ತು ಹೆಲ್ಮ್‌ನ ಹಿಂಭಾಗದ ಫೋಟೊ ಹಾಕಿದರೆ ಯಾವುದು ಹೊಂದುತ್ತದೆ ಅಂತ ನೋಡಿ ಹೇಳುತ್ತೇನೆ.