ಬೆಳಗ್ಗಿನ ಶೋಗೆ ಅತಿಥಿ ಕರೆಯುವವರು ಪ್ರಶ್ನೆ ಬರೆದು ಕೊಡ್ಬೇಡಿ ಮಾರಾಯ್ರೆ

ನಿನ್ನೆ ಈ ಗ್ರೂಪಲ್ಲಿ ನೀವು ಹಾಕಿದ ನಿಮ್ಮ ರೇಡಿಯೋದ ಬೆಳಗ್ಗಿನ ಶೋದ ಕ್ಲಿಪ್ ಪೂರ್ತಿ ಕೇಳಿದೆ, ಆ ಉಡುಪಿ ಹತ್ರದ ಶಂಕರಪುರ ಕಡೆಯ ಮಲ್ಲಿಗೆ ಬೆಳೆಯುವ ಅಕ್ಕನದ್ದು. ನೀವು ಕೇಳಿದ್ದು ಬೆಡ್ ಮ್ಯೂಸಿಕ್, ಅಂದ್ರೆ ಮಾತಿನ ಹಿಂದೆ ಓಡುವ ಸಂಗೀತ, ಜಾಸ್ತಿ ಆಯ್ತಾ ಅಂತ. ಜಾಸ್ತಿಯೇ ಆಗಿದೆ, ಆದ್ರೆ ಶೋ ಸಪ್ಪೆ ಆದದ್ದು ಅದರಿಂದ ಅಲ್ಲ. ಪ್ರಶ್ನೆ ಎಲ್ಲ ಮೊದಲೇ ವಾಟ್ಸಾಪಲ್ಲಿ ಕಳಿಸಿದ್ದೀರಿ ಅಲ್ವಾ? "ಮಲ್ಲಿಗೆ ಕೃಷಿಯು ನಮ್ಮ ಭಾಗದ ಮಹಿಳೆಯರ ಸ್ವಾವಲಂಬನೆಗೆ ದಾರಿಯಾಗಿದೆ" ಅಂತ ಯಾವ ಅಕ್ಕ ಮನೆಯಲ್ಲಿ ಮಾತಾಡ್ತಾರೆ ಹೇಳಿ. ಯಾರೋ ಬರೆದು ಕೊಟ್ಟದ್ದನ್ನು ಅವರು ಓದಿದ್ದು, ನಡುವೆ ಕಾಗದ ಮಗುಚಿದ ಸದ್ದು ಸಹ ಉಂಟು. ಕಮ್ಯುನಿಟಿ ರೇಡಿಯೋದಲ್ಲಿ ಸ್ವಯಂಸೇವಕ ಆಗಿದ್ದಾಗ ನಾನೂ ಇದನ್ನೇ ಮಾಡ್ತಿದ್ದೆ, ಅದಕ್ಕೇ ಇಷ್ಟು ಉದ್ದ ಬರೀತಿದ್ದೇನೆ.

ಇನ್ನೊಂದು, ಅವರನ್ನು ಬೆಳಗ್ಗೆ 7 ಗಂಟೆಗೆ ಸ್ಟುಡಿಯೋಕ್ಕೆ ಯಾಕೆ ಕರೆಸಿದ್ದು? ಮೊಗ್ಗು ಕೊಯ್ಯುವುದು, ಕಟ್ಟುವುದು, ಹೂ ಕೊಳ್ಳುವ ಕಟ್ಟೆಗೆ ಮುಟ್ಟಿಸುವುದು ಎಲ್ಲ ಆ ಹೊತ್ತಿಗೇ ಇರುವುದು. ಒಂದು ದಿನದ ಹೂ ಬಿಟ್ಟು ಬಂದಿದ್ದಾರೆ ಅವರು. ಬೆಳಗ್ಗಿನ ಶೋ ನಡೆಸುವ ಹೆಚ್ಚಿನವರು ಯೋಚನೆ ಮಾಡದ ವಿಷಯ ಇದು, ಬೆಳಗ್ಗೆ ಲೈವ್ ಬರ್ಲಿಕ್ಕೆ ಪುರುಸೊತ್ತು ಇರುವವರನ್ನು ಮಾತ್ರ ಕರೆದ್ರೆ ಕೊನೆಗೆ ರಿಟೈರ್ಡ್ ಲೆಕ್ಚರರು, ಡಾಕ್ಟರು, ಯೋಗದವರು ಇಷ್ಟೇ ಜನ ಸಿಗುವುದು. ಅವರು ಬೇಡ ಅಂತಲ್ಲ, ಆದ್ರೆ ನಮ್ಮ ಊರಿನ ಬೆಳಗ್ಗೆಯನ್ನು ನಿಜವಾಗಿ ನಡೆಸುವವರು ಆ ಹೊತ್ತಿಗೆ ಮಲ್ಪೆ ಬಂದರಲ್ಲಿ, ಬಸ್ಸಿನ ಫುಟ್‌ಬೋರ್ಡಲ್ಲಿ, ಹಟ್ಟಿಯಲ್ಲಿ ಇರ್ತಾರೆ.

ನಾವು ಒಮ್ಮೆ ಯಕ್ಷಗಾನದಲ್ಲಿ ಪದ್ಯ ಹಾಡುವ ಒಬ್ಬ ಭಾಗವತರನ್ನು ಹೀಗೇ ಕರೆಸಿದ್ದು. ಮೇಳದ ತಿರುಗಾಟದ ಸಮಯ, ಹಿಂದಿನ ರಾತ್ರಿ ಯಕ್ಷಗಾನ ಆಟ ಇತ್ತು ಅಂತ ಗೊತ್ತಿದ್ದೂ "ಲೈವ್ ಅಲ್ವಾ, ಚಂದ ಆಗ್ತದೆ" ಅಂತ ಹಠ ಮಾಡಿದೆವು. ಪಾಪ, ಮಾತು ಕೊಟ್ಟದ್ದಕ್ಕೆ ಬಂದ್ರು, ಕಣ್ಣು ಕೆಂಪು, ಸ್ವರ ಬಿದ್ದು ಹೋಗಿತ್ತು. ನಮ್ಮ ಪಟ್ಟಿಯಲ್ಲಿ ಕೊನೆಯ ಪ್ರಶ್ನೆ "ಕೇಳುಗರಿಗೋಸ್ಕರ ಒಂದು ಪದ್ಯ" ಅಂತ ಇತ್ತು, ಆಂಕರ್ ಕೇಳಿಯೇ ಬಿಟ್ಳು. ಏರು ಶ್ರುತಿಯಲ್ಲಿ ಎತ್ತಿಕೊಂಡ್ರು, ಎರಡನೇ ಸಾಲಲ್ಲಿ ಸ್ವರ ಒಡೀತು, ನಿಲ್ಲಿಸಿ ಕೆಮ್ಮಿದ್ರು, ಪುನಃ ಶುರು ಮಾಡಿದ್ರು. ಅಷ್ಟು ದೊಡ್ಡ ಕಲಾವಿದರನ್ನು ಸಾವಿರಾರು ಜನರ ಮುಂದೆ ಹಾಗೆ ಮಾಡಿದ್ದು ನಾವು. ಯಕ್ಷಗಾನದವರು ಬೇಕಾದ್ರೆ ಪತ್ತನಾಜೆ, ಅಂದ್ರೆ ಮೇಳದ ತಿರುಗಾಟ ಮುಗಿಯುವ ದಿನ, ಕಳೀಲಿ, ಗೆಜ್ಜೆ ಬಿಚ್ಚಿದ ಮೇಲೆ ಹೋಗಿ, ಗಂಟೆಗಟ್ಟಲೆ ಮಾತಾಡ್ತಾರೆ. ಬೋಟಿನವರಿಗೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ, 61 ದಿನ, ಬಲೆ ರಿಪೇರಿ ಮಾಡ್ತಾ ಕೂತಿರ್ತಾರೆ, ಆಗ ಹೋಗಿ. ಕ್ಯಾಲೆಂಡರ್ ನೋಡಿ ಅತಿಥಿ ಹುಡುಕಿ, ಆಮೇಲೆ ಸ್ಲಾಟ್ ನೋಡಿ.

ನಾನು ಈಗ ಮಾಡುವುದು ಇಷ್ಟು. ಹಿಂದಿನ ದಿನ ಅವರ ಮನೆಗೇ ಹೋಗುವುದು, ಕೆಲಸ ಮಾಡ್ತಾ ಇರುವಾಗಲೇ ರೆಕಾರ್ಡ್ ಮಾಡುವುದು. ಮಲ್ಲಿಗೆಯವರಾದ್ರೆ ಹೂ ಕಟ್ಟುವಾಗ. ಬಾಳೆನಾರನ್ನು ನೀರಲ್ಲಿ ಅದ್ದಿ ಒಂದು ಗಂಟು, ಇನ್ನೊಂದು ಗಂಟು ಅಂತ ಕೈ ಅದರಷ್ಟಕ್ಕೆ ಓಡ್ತಾ ಇರುವಾಗ ಬಾಯಿ ಸಹ ಸಲೀಸಾಗ್ತದೆ, ಎದುರು ಮೈಕ್ ಉಂಟು ಅನ್ನುವುದೇ ಮರೆತು ಹೋಗ್ತದೆ. ಅಭಿಪ್ರಾಯ ಕೇಳ್ಬೇಡಿ, ನಡೆದದ್ದು ಕೇಳಿ. "ಮಲ್ಲಿಗೆಯ ಮಹತ್ವ ಏನು" ಅಂತ ಕೇಳಿದ್ರೆ ಭಾಷಣ ಬರ್ತದೆ. "ಇವತ್ತು ಗಿಡದ ಹತ್ರ ಹೋಗುವಾಗ ಬೆಳಕು ಇತ್ತಾ" ಅಂತ ಕೇಳಿ, ಟಾರ್ಚು, ಮಂಜು, ಕೇರೆ ಹಾವು ಎಲ್ಲ ಬರ್ತದೆ. ಮತ್ತೆ "ಆಯ್ತಕ್ಕ, ಮುಗೀತು" ಅಂದ ಮೇಲೆ ರೆಕಾರ್ಡರ್ ಆಫ್ ಮಾಡ್ಬೇಡಿ, ಚಾ ಕುಡಿಯುವಾಗ ಬರುವ ಮಾತೇ ಒಳ್ಳೆ ಮಾತು. ಆದ್ರೆ ಆನ್ ಉಂಟು ಅಂತ ಹೇಳಿ, ಹಾಕ್ಬಹುದಾ ಅಂತ ಕೇಳಿ. ಕೇಳದೆ ಹಾಕಿದ್ರೆ ಅದು ಮೋಸ.

ಸ್ವಲ್ಪ ತಿಳ್ಕೊಂಡು ಹೋಗಿ ಸಹ. ನಿಮ್ಮ ಆಂಕರ್ "ಕಿಲೋಗೆ ಎಷ್ಟು ಸಿಗ್ತದೆ" ಅಂತ ಕೇಳಿದ್ರು. ಉಡುಪಿ ಮಲ್ಲಿಗೆಯನ್ನು ಕಿಲೋದಲ್ಲಿ ಯಾರು ಕೇಳ್ತಾರೆ? 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಇದು ಇಲ್ಲಿಯ ಸಣ್ಣ ಮಕ್ಕಳಿಗೂ ಗೊತ್ತು. ಅಲ್ಲೇ ಕೇಳುಗರಿಗೆ ನಿಮ್ಮ ಮೇಲಿನ ನಂಬಿಕೆ ಹೋಯ್ತು. ಹಾಗೇ ಅಟ್ಟೆಯ ರೇಟು ದಿನಾ ಬದಲಾಗ್ತದೆ, ಹಿಂದಿನ ದಿನ ರೆಕಾರ್ಡ್ ಮಾಡಿದ್ದರಲ್ಲಿ "ಇವತ್ತಿನ ರೇಟು" ಅಂತ ಇದ್ರೆ ಕತ್ತರಿಸಿ.

ಮೈಕ್ ಬಗ್ಗೆ ಗ್ರೂಪಲ್ಲಿ ಯಾರೋ ಕಂಡೆನ್ಸರ್, ಅಂದ್ರೆ ಸಣ್ಣ ಸದ್ದನ್ನೂ ಹಿಡಿಯುವ ಮೈಕ್, ತಗೊಳ್ಳಿ ಅಂದಿದ್ದಾರೆ. ಬೇಡ. ನಮ್ಮ ಮನೆಗಳಲ್ಲಿ ಫ್ಯಾನು, ತಗಡು ಶೀಟಿನ ಮೇಲೆ ಮಳೆ, ಆಚೆ ಮನೆ ನಾಯಿ, ಎಲ್ಲ ಎಳ್ಕೊಳ್ತದೆ ಅದು. ಮಳೆಗಾಲದಲ್ಲಿ ತೇವ ಹಿಡಿದು ಚಟಚಟ ಅನ್ನುವುದು ಬೇರೆ. ಕೈಯಲ್ಲಿ ಹಿಡಿಯುವ ಶೂರ್ ಎಸ್ಎಂ 58 ಮೈಕ್ ಒಂದು ಇದ್ರೆ ಸಾಕು, ಬಾಯಿಂದ ನಾಲ್ಕು ಬೆರಳು ದೂರ, ನೇರ ಅಲ್ಲ, ಸ್ವಲ್ಪ ಓರೆ. ಒರಿಜಿನಲ್ ನೋಡಿ ತಗೊಳ್ಳಿ, ಡೂಪ್ಲಿಕೇಟ್ ತುಂಬಾ ಉಂಟು. ಬಜೆಟ್ ಇಲ್ಲದಿದ್ರೆ ಬೋಯಾ ಬಿವೈ ಎಂ1 ಕಾಲರ್ ಮೈಕ್ ತೊಂದರೆ ಇಲ್ಲ, ಆದ್ರೆ ಫೋನಿಗೆ ಹಾಕುವಾಗ ಸ್ವಿಚ್ ಸ್ಮಾರ್ಟ್‌ಫೋನ್ ಕಡೆ, ರೆಕಾರ್ಡರಿಗೆ ಹಾಕುವಾಗ ಕ್ಯಾಮೆರಾ ಕಡೆ, ಆಗ ಸೆಲ್ ಸಹ ಬೇಕು. ಇದು ಗೊತ್ತಿಲ್ಲದೆ ಮೈಕ್ ಹಾಳು ಅಂತ ಬಿಸಾಡಿದವರು ಇದ್ದಾರೆ. ಸದ್ದು ಬೇಡ ಅಂತ ಅವರ ಮನೆಯ ಫ್ರಿಜ್ ಆಫ್ ಮಾಡಿಸಿದ್ರೆ ನಿಮ್ಮ ಸ್ಕೂಟರ್ ಕೀ ಅದರ ಒಳಗೇ ಇಡಿ, ಪುನಃ ಆನ್ ಮಾಡದೆ ಮನೆಗೆ ಹೋಗ್ಲಿಕ್ಕೆ ಆಗುವುದಿಲ್ಲ.

ಹಾಡು. ಪ್ರತೀ ಉತ್ತರ ಆದ ಮೇಲೆ ಒಂದು ಹಾಡು ಹಾಕಿದ್ದೀರಿ, ಅದೂ ಚರಣದ ಮಧ್ಯ ಕಟ್ ಮಾಡಿ. ಮಾತು ಬಿಸಿ ಆಗುವಷ್ಟರಲ್ಲಿ ನೀರು ಹೊಯ್ದ ಹಾಗೆ ಆಗ್ತದೆ. ಮಾತು ಒಂದು ಘಟ್ಟಕ್ಕೆ ಬಂದು ನಿಂತಾಗ ಒಂದು ಹಾಡು, ಪೂರ್ತಿ ಹಾಕಿ. ಸಿನೆಮಾ ಹಾಡು ಬೇಕಾದವರಿಗೆ ಪ್ರೈವೇಟ್ ಎಫ್ಎಂ ಉಂಟು, ಆ ಹಾಡು ಹಾಕ್ಲಿಕ್ಕೆ ಲೈಸೆನ್ಸ್ ವ್ಯವಹಾರ ಸಹ ಉಂಟು. ನೀವು ಭಜನಾ ಮಂಡಳಿಯವರನ್ನು, ಗದ್ದೆಯಲ್ಲಿ ನೇಜಿ ನೆಡುವಾಗ ಪಾಡ್ದನ, ಅಂದ್ರೆ ತುಳು ಜನಪದ ಹಾಡು, ಹೇಳುವ ಅಜ್ಜಿಯಂದಿರನ್ನು ರೆಕಾರ್ಡ್ ಮಾಡಿ, ಒಪ್ಪಿಗೆ ಕೇಳಿ, ಹೆಸರು ಹೇಳಿ ಹಾಕಿ. ಅತಿಥಿಗೆ ತುಳು ಸಲೀಸಾದ್ರೆ ತುಳುವಲ್ಲೇ ಬಿಡಿ, ಕೊಂಕಣಿ, ಬ್ಯಾರಿ ಆದ್ರೂ ಹಾಗೇ. ಮಂಗಳೂರಿನ ಕಮ್ಯುನಿಟಿ ರೇಡಿಯೋ ಸಾರಂಗ್ 107.8ರಲ್ಲಿ ಎಷ್ಟು ಭಾಷೆ ಬರ್ತದೆ ಕೇಳಿ ನೋಡಿ. ಪ್ರತೀ ವಾಕ್ಯಕ್ಕೂ ಕನ್ನಡ ಮಾಡ್ಬೇಡಿ, ಕೊನೆಗೆ ಒಂದು ಸಾಲು ಹೇಳಿದ್ರೆ ಸಾಕು.

ಇನ್ನು ಚಿಂತನ, ಅಂದ್ರೆ ಶೋದಲ್ಲಿ ಆಂಕರ್ ಹೇಳುವ ಆ ನೀತಿ ಮಾತು. ಮಲ್ಲಿಗೆ ವಿಷಯ ಮುಗಿದು, ಹಾಡು ಬಂದು, ಜಾಹೀರಾತು ಬಂದು, ಆಮೇಲೆ ಕೊಳಲು ಬೆಡ್ ಹಾಕಿ "ಬದುಕು ಹೂವಿನಂತೆ" ಅಂತ ಮೂರು ನಿಮಿಷ. ಅಷ್ಟರಲ್ಲಿ ಅತಿಥಿ ಯಾರು ಅಂತಲೇ ಮರೆತು ಹೋಗಿತ್ತು. ಚಿಂತನ ಅತಿಥಿಯ ಕೊನೆಯ ಮಾತಿಗೆ ತಾಗಿಯೇ ಬರ್ಲಿ, ನಡುವೆ ಏನೂ ಬೇಡ, ಬೆಡ್ ಸಹ ಬೇಡ. 150 ಪದ ದಾಟ್ಬಾರ್ದು. ಅವರು ಹೇಳಿದ ಒಂದೇ ವಿಷಯ ಹಿಡೀರಿ. ಆ ಅಕ್ಕ ಮಧ್ಯ ಒಮ್ಮೆ ಕಾಗದ ಬಿಟ್ಟು "ಮಳೆಗೆ ಹೂ ಕಡಿಮೆ, ಮದುವೆ ಸೀಸನಲ್ಲಿ ರೇಟು ಜಾಸ್ತಿ, ಆಗ ನಮ್ಮ ತಲೆಗೆ ಹೂ ಇಲ್ಲ" ಅಂದ್ರಲ್ಲ, ಇಡೀ ಶೋ ಅಲ್ಲಿ ಇತ್ತು. ನಿಮ್ಮ ಆಂಕರ್ ಅದನ್ನು ಬಿಟ್ಟು ಮುಂದಿನ ಪ್ರಶ್ನೆ ಓದಿದ್ರು!

ಬೇರೆ ಕಡೆ ಬೆಡ್ ಹಾಕುವುದಾದ್ರೆ ಮಾತಿಗಿಂತ 18, 20 ಡೆಸಿಬಲ್ ಕೆಳಗೆ ಇಡಿ. ಹೆಡ್‌ಫೋನಲ್ಲಿ ಮಾತ್ರ ನೋಡ್ಬೇಡಿ, ಓಡುವ ರಿಕ್ಷಾದಲ್ಲಿ ಫೋನ್ ಸ್ಪೀಕರಲ್ಲಿ ಕೇಳಿ ನೋಡಿ. ಬೀಡಿ ಕಟ್ಟುವ ಅಕ್ಕಂದಿರು ತುಂಬಾ ಜನ ಕೇಳುವವರು, ಕೈ ಬಿಡುವಿಲ್ಲ, ಪೆನ್ ಹುಡುಕ್ಲಿಕ್ಕೆ ಆಗುವುದಿಲ್ಲ, ಫೋನ್ ನಂಬರ್ ನಿಧಾನ ಎರಡು ಸಲ ಹೇಳಿ. ಸುದ್ದಿ ಸೇರಿಸುವಾ ಅಂದವರಿಗೆ, ಕಮ್ಯುನಿಟಿ ರೇಡಿಯೋದಲ್ಲಿ ನಮ್ಮದೇ ಸುದ್ದಿ ಓದ್ಲಿಕ್ಕೆ ಇಲ್ಲ, ಆಕಾಶವಾಣಿಯದ್ದನ್ನು ಬದಲಾಯಿಸದೆ ಹಾಕ್ಬಹುದು ಅಷ್ಟೆ.

ಮುಂದಿನ ಕ್ಲಿಪ್ ವಾಯ್ಸ್ ಮೆಸೇಜ್ ಆಗಿ ಹಾಕ್ಬೇಡಿ, ಕ್ವಾಲಿಟಿ ಹೋಗ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಎಡಿಟ್ ಮಾಡದ ಫೈಲ್ ಸಹ ಇರ್ಲಿ, ಎಲ್ಲಿ ಕತ್ತರಿಸ್ಬಹುದು ಅಂತ ಟೈಮ್ ಬರೆದು ಹೇಳ್ತೇನೆ.