ಮನೆಯಲ್ಲಿ ಮಾಡಿದ ಹಣ್ಣು-ಮೊಸರಿನ ಫ್ರೋಜನ್ ಬೈಟ್ಸ್ ಕಲ್ಲಿನ ಹಾಗೆ ಗಟ್ಟಿಯಾಗುವುದೇಕೆ?

ಮೊಸರಿನಲ್ಲಿರುವ ನೀರಿನಿಂದ. ಮೊಸರನ್ನು ಹಾಗೇ ಐಸ್ ಟ್ರೇಗೆ ಹಾಕಿದರೆ ಆ ನೀರು ಹರಳುಗಟ್ಟಿ, ಕಚ್ಚಿದರೆ ಕರಕರ ಅನ್ನುತ್ತದೆ. ಅರ್ಧ ಲೀಟರ್ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಜರಡಿಯ ಮೇಲಿಟ್ಟು 4-5 ಗಂಟೆ ಫ್ರಿಜ್‌ನಲ್ಲಿಡಿ. ಶ್ರೀಖಂಡಕ್ಕೆ ಮಾಡ್ತೀವಲ್ವಾ, ಹಾಗೇ. ಹೊರಗೆ ತೂಗುಹಾಕಿದರೆ ಹುಳಿ ಬರುತ್ತದೆ. ಇಳಿದ ನೀರನ್ನು ಸುಮ್ನೆ ಚೆಲ್ಲಬೇಡಿ, ಚಪಾತಿ ಹಿಟ್ಟಿಗಾಗುತ್ತದೆ.

ಗಟ್ಟಿ ಮೊಸರಿಗೆ 2-3 ಚಮಚ ಜೇನು ಅಥವಾ ಸಕ್ಕರೆ ಪುಡಿ ಕಲಸಿ. ಇದು ಬರೀ ರುಚಿಗಲ್ಲ. ಸಿಹಿ ಇದ್ದರೆ ನೀರು ಪೂರ್ತಿ ಹೆಪ್ಪುಗಟ್ಟುವುದಿಲ್ಲ, ಬೈಟ್ಸ್ ಮೆತ್ತಗೆ ಉಳಿಯುತ್ತವೆ. ಒಂದು ವರ್ಷದೊಳಗಿನ ಮಗುವಿಗೆ ಮಾತ್ರ ಜೇನು ಬೇಡವೇ ಬೇಡ.

ಹಣ್ಣಿನಲ್ಲಿ ನನ್ನ ಓಟು ಮಾವಿಗೆ. ತಿರುಳನ್ನು ರುಬ್ಬಿ ಮೊಸರಿಗೆ ಬೆರೆಸಿ, ಮೇಲೊಂದು ಸಣ್ಣ ಹೋಳು ಒತ್ತಿ. ಬಾಳೆಹಣ್ಣೂ ಚೆನ್ನ. ಕಲ್ಲಂಗಡಿಯಲ್ಲಿ ನೀರೇ ಜಾಸ್ತಿ, ಬಿಟ್ಟುಬಿಡಿ. ಅನಾನಸ್ ಹಸಿಯಾಗಿ ಹಾಕಿದರೆ ಮೊಸರು ಕಹಿಯಾಗುತ್ತದೆ. ಸಕ್ಕರೆ ಜೊತೆ ಒಂದು ಕುದಿ ಕುದಿಸಿ, ಆರಿಸಿ ಹಾಕಿ.

ಐಸ್ ಟ್ರೇ ಇಲ್ಲವೇ? ಬಟರ್ ಪೇಪರ್ ಮೇಲೆ ಚಮಚದಿಂದ ಬಿಟ್ಟು, 3-4 ಗಂಟೆ ಫ್ರೀಜರಿನಲ್ಲಿಡಿ. ಗಟ್ಟಿಯಾದ ಮೇಲೆ ಡಬ್ಬಿಗೆ ತುಂಬಿ ಮುಚ್ಚಳ ಬಿಗಿ ಮಾಡಿ, ಇಲ್ಲದಿದ್ದರೆ ಫ್ರೀಜರಿನ ವಾಸನೆ ಹಿಡಿಯುತ್ತದೆ. ತಿನ್ನುವ ಐದು ನಿಮಿಷ ಮೊದಲು ಹೊರಗೆ ತೆಗೆಯಿರಿ.