ಹಳೆಯ ಇಟ್ಟಿಗೆ ಗೋಡೆಗೆ ಎಂಥ ಸುಣ್ಣದ ಗಾರೆ?

ಪ್ರಶ್ನೆ: ಸುಣ್ಣದ ಗಾರೆಯಲ್ಲಿ ಕಟ್ಟಿದ ನಮ್ಮ ಹಳೆಯ ಇಟ್ಟಿಗೆ ಗೋಡೆಯ ಸಂದುಗಳು ಪುಡಿಯಾಗಿ ಉದುರುತ್ತಿವೆ. ಹಿಂದೊಮ್ಮೆ ಸಿಮೆಂಟು ತುಂಬಿಸಿದ ಕಡೆಯಲ್ಲಂತೂ ಇಟ್ಟಿಗೆಯೇ ಪದರ ಪದರವಾಗಿ ಕಳಚುತ್ತಿದೆ. ಈ ಬಾರಿ ಸುಣ್ಣವನ್ನೇ ಬಳಸಬೇಕೆಂದಿದ್ದೇವೆ. ಯಾವ ಸುಣ್ಣಕ್ಕೆ ಎಷ್ಟು ಮರಳು ಬೆರೆಸಬೇಕು?

ಉತ್ತರ: ಗೋಡೆಯೊಳಗಿನ ತೇವವು ಸಂದಿನ ಗಾರೆಯ ಮೂಲಕ ಆರಿಹೋಗಬೇಕು. ಸಿಮೆಂಟು ಆ ದಾರಿಯನ್ನು ಮುಚ್ಚಿದ್ದರಿಂದ ತೇವವು ಇಟ್ಟಿಗೆಯ ಮೂಲಕವೇ ಹೊರಬರುತ್ತಿದೆ. ಅದರೊಡನೆ ಬಂದ ಲವಣಗಳು ಮೇಲ್ಮೈಯ ಸೂಕ್ಷ್ಮ ರಂಧ್ರಗಳಲ್ಲಿ ಹರಳುಗಟ್ಟಿ ಇಟ್ಟಿಗೆಯನ್ನು ಒಡೆಯುತ್ತಿವೆ. ಆದುದರಿಂದ ಗಾರೆಯು ಇಟ್ಟಿಗೆಗಿಂತ ಮೆದುವಾಗಿರಲೇಬೇಕು. ಸವೆದ ಗಾರೆಯನ್ನು ಮತ್ತೆ ತುಂಬಬಹುದು, ಸವೆದ ಇಟ್ಟಿಗೆಯನ್ನು ಮೊದಲಿನಂತೆ ಮಾಡಲಾಗದು.

ನೀರಿನೊಡನೆ ಸೇರಿ ಗಟ್ಟಿಯಾಗುವ ನೈಸರ್ಗಿಕ ಹೈಡ್ರಾಲಿಕ್ ಸುಣ್ಣವು (ಇಂಗ್ಲಿಷಿನ ಹ್ರಸ್ವರೂಪ ಎನ್‌ಎಚ್‌ಎಲ್) ಎನ್‌ಎಚ್‌ಎಲ್ 2, 3.5 ಮತ್ತು 5 ಎಂಬ ದರ್ಜೆಗಳಲ್ಲಿ ದೊರೆಯುತ್ತದೆ. 28 ದಿನಗಳ ಪ್ರಯೋಗಾಲಯ ಪರೀಕ್ಷೆಯಲ್ಲಿ ಅದು ಪ್ರತಿ ಚದರ ಮಿಲಿಮೀಟರಿಗೆ ಕನಿಷ್ಠ ಎಷ್ಟು ನ್ಯೂಟನ್ ಒತ್ತಡ ತಾಳಬೇಕೆಂಬುದನ್ನು ಈ ಅಂಕಿಗಳು ಸೂಚಿಸುತ್ತವೆ. ಆ ಬಳಿಕವೂ ಗಾರೆ ತಿಂಗಳುಗಟ್ಟಲೆ ಗಟ್ಟಿಯಾಗುತ್ತಲೇ ಹೋಗುವುದರಿಂದ, ದೊಡ್ಡ ಅಂಕಿಯೇ ಉತ್ತಮವೆಂದು ಭಾವಿಸುವುದು ಅಪಾಯಕರ. ನಿಮ್ಮ ಮೆದು ಇಟ್ಟಿಗೆಗೆ, ಗೋಡೆ ಮಳೆಗಾಳಿಗೆ ಹೆಚ್ಚು ಒಡ್ಡಿಕೊಂಡಿಲ್ಲವಾದರೆ, ಎನ್‌ಎಚ್‌ಎಲ್ 2 ಅಥವಾ ಚೆನ್ನಾಗಿ ಅರಳಿಸಿಟ್ಟ ಸುಣ್ಣದ ಮುದ್ದೆ ಸಾಕು. ಮುದ್ದೆಯನ್ನು ಆರಿಸಿದರೆ, ಅದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಬಹು ನಿಧಾನವಾಗಿ ಗಟ್ಟಿಯಾಗುತ್ತದೆಂಬುದು ನೆನಪಿರಲಿ. ತಗ್ಗಾದ ಉಷ್ಣತೆಯಲ್ಲಿ ಸುಟ್ಟ ಇಟ್ಟಿಗೆಯ ನುಣುಪು ಪುಡಿಯನ್ನು, ಅಂದರೆ ಸುರ್ಕಿಯನ್ನು, ಸ್ವಲ್ಪ ಬೆರೆಸಿದರೆ ಅದು ಬೇಗ ಬಿಗಿಯುತ್ತದೆ. ಎನ್‌ಎಚ್‌ಎಲ್ 5 ಅನ್ನು ಗಟ್ಟಿ ಇಟ್ಟಿಗೆಯ, ಮಳೆಗೆ ನೇರವಾಗಿ ಒಡ್ಡಿಕೊಂಡ ಭಾಗಗಳಿಗೆ ಮಾತ್ರ ಬಳಸಿರಿ.

ಒಂದು ಭಾಗ ಸುಣ್ಣಕ್ಕೆ ಮೂರು ಭಾಗ ಮರಳೆಂಬ ರೂಢಿಯು ಎಲ್ಲ ಮರಳಿಗೂ ಹೊಂದುವುದಿಲ್ಲ. ಒಣಗಿದ ಮರಳನ್ನು ಅಳತೆಪಾತ್ರೆಯಲ್ಲಿ ತುಂಬಿ, ನೀರು ಮರಳಿನ ಮೇಲ್ಮಟ್ಟಕ್ಕೆ ಬರುವವರೆಗೆ ಅಳೆದು ಸುರಿಯಿರಿ. ಹಿಡಿದ ನೀರೇ ಕಣಗಳ ನಡುವಿನ ಖಾಲಿ ಜಾಗ, ಸುಣ್ಣ ತುಂಬಬೇಕಾದದ್ದೂ ಅಷ್ಟನ್ನೇ. ಮರಳಿನ ಮೂರನೆಯ ಒಂದು ಪಾಲು ನೀರು ಹಿಡಿದರೆ 1:3, ಶೇ 40ರಷ್ಟು ಹಿಡಿದರೆ 1:2.5. ಮರಳು ಮಣ್ಣಿಲ್ಲದೆ ಸ್ವಚ್ಛವಾಗಿರಬೇಕು. ಅದರಲ್ಲಿ ಒರಟು, ನುಣುಪು ಕಣಗಳೆರಡೂ ಇರಬೇಕು.

ಸಂದನ್ನು ಅದರ ಅಗಲದ ಎರಡರಷ್ಟು ಆಳಕ್ಕೆ, ಕನಿಷ್ಠ 20 ಮಿ.ಮೀ., ಉಳಿಯಿಂದ ನಿಧಾನವಾಗಿ ಕೆರೆದು, ನೀರು ಚಿಮುಕಿಸಿ, ಬಳಿಕ ಗಾರೆಯನ್ನು ಒತ್ತಿ ತುಂಬಿರಿ. ಹಸಿಗಾರೆ ಬಿಸಿಲಿಗೆ ಬೇಗ ಒಣಗಿದರೆ ಪುಡಿಯಾಗುವುದರಿಂದ, ಹಸಿ ಗೋಣಿತಟ್ಟು ಇಳಿಬಿಟ್ಟು ಕೆಲವು ದಿನ ತೇವ ಕಾಯಿರಿ. ಸುಣ್ಣವು ಕಣ್ಣಿಗೆ, ಚರ್ಮಕ್ಕೆ ಸುಡುವಂಥದ್ದಾದ್ದರಿಂದ ಕನ್ನಡಕ, ಕೈಗವಸು ಧರಿಸದೆ ಮುಟ್ಟಬೇಡಿ.